ಲೇಸರ್ ರೇಂಜ್‌ಫೈಂಡರ್: ಗಾಲ್ಫ್‌ಗೂ ಬೇಟೆಗೂ, ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಗಾಲ್ಫ್ ಆಡುವಾಗ ನನ್ನ ಸೊಂಟದಲ್ಲಿ ನೇತಾಡುವ, ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಇರುವ ಪುಟ್ಟ ಚೀಲ ನೋಡಿ ಹೊಸಬರು ಕೇಳುವ ಪ್ರಶ್ನೆಗಳು ಒಂದು ಕಡೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿರುವ ನನ್ನ ಷಡ್ಡಕರು ಪ್ರತಿ ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೊರಡುವ ಮುನ್ನ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಇನ್ನೊಂದು ಕಡೆ. ಒಂದೇ ಉತ್ತರವನ್ನು ಹತ್ತು ಸಲ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಅಂಗಡಿಯವನಲ್ಲ. ಮೂರು ಯಂತ್ರ ಕೊಂಡು, ಒಂದನ್ನು ಮಳೆಯಲ್ಲಿ ಹಾಳು ಮಾಡಿ, ಇನ್ನೊಂದನ್ನು ಗಾಲ್ಫ್ ಗಾಡಿಯ ಮೇಲೆ ಮರೆತು ಕಳೆದುಕೊಂಡು ಕಲಿತವನು.

## ಮೊದಲ ಪರಿಚಯ

ನೋಡಿದರೆ ಅರ್ಧ ಬೈನಾಕ್ಯುಲರ್ ಇದ್ದ ಹಾಗಿದೆ. ಇದಕ್ಕೆ ದೂರ ಹೇಗೆ ಗೊತ್ತಾಗುತ್ತದೆ?

ಗುಂಡಿ ಒತ್ತಿದಾಗ ಒಂದು ಬೆಳಕಿನ ತುಣುಕು ಹೊರಡುತ್ತದೆ, ಎದುರಿನ ವಸ್ತುವಿಗೆ ಬಡಿದು ಚದುರುತ್ತದೆ, ಅದರಲ್ಲಿ ಅತ್ಯಲ್ಪ ಭಾಗ ಯಂತ್ರಕ್ಕೆ ಮರಳುತ್ತದೆ. ಹೋಗಿ ಬರಲು ಹಿಡಿದ ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ ಸಿಕ್ಕಿತು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವುದರಿಂದ, ಗಾಲ್ಫ್ ಚೆಂಡು ಬೀಳಿಸಬೇಕಾದ ಕುಳಿಯಲ್ಲಿ, ಅಂದರೆ ಹೋಲ್‌ನಲ್ಲಿ, ನೆಟ್ಟ 150 ಮೀಟರ್ ದೂರದ ಬಾವುಟಕ್ಕೆ ಹೋಗಿ ಬರಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಮೀಟರಿನ ವ್ಯತ್ಯಾಸ ಗುರುತಿಸಬೇಕಾದರೆ ಒಳಗಿನ ಗಡಿಯಾರ ಸುಮಾರು 7 ನ್ಯಾನೊಸೆಕೆಂಡನ್ನು (ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಅಳೆಯಬೇಕು. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದಾಗ ಇಂಥದ್ದು ಸೈನ್ಯದವರ ಕೈಗೇ ಇನ್ನೂ ಬಂದಿರಲಿಲ್ಲ. ಈಗ ಸಾಬೂನಿನ ಗಾತ್ರದ ಡಬ್ಬಿಯಲ್ಲಿ ಕುಳಿತಿದೆ.

ಈ ಒಂದು ವಿಷಯ ಮನಸ್ಸಿನಲ್ಲಿರಲಿ: ಯಂತ್ರ ಹೇಳುವುದು ಬೆಳಕು ಯಾವುದಕ್ಕೆ ಬಡಿಯಿತೋ ಅದರ ದೂರವನ್ನು. ನೀವು ಯಾವುದನ್ನು ನೋಡುತ್ತಿದ್ದಿರಿ ಎಂಬುದು ಅದಕ್ಕೆ ತಿಳಿಯದು. ಮುಂದಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಇಲ್ಲಿಂದಲೇ.

ಲೇಸರ್ ಎನ್ನುತ್ತೀರಿ, ಕೆಂಪು ಚುಕ್ಕೆ ಕಾಣುವುದೇ ಇಲ್ಲವಲ್ಲ! ಕಣ್ಣಿಗೆ ಅಪಾಯ ಇಲ್ಲವೆ?

ಸಾಮಾನ್ಯವಾಗಿ ಬಳಸುವುದು 905 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಬೆಳಕು. ಅದು ನಮ್ಮ ಕಣ್ಣಿಗೂ ಕಾಣುವುದಿಲ್ಲ, ಜಿಂಕೆಗೂ ಕಾಣುವುದಿಲ್ಲ. ಹೆಸರಾಂತ ಕಂಪನಿಗಳ ಯಂತ್ರಗಳ ಮೇಲೆ ‘ಕ್ಲಾಸ್ 1’ ಎಂದು ಮುದ್ರಿಸಿರುತ್ತಾರೆ. ಸಾಮಾನ್ಯ ಬಳಕೆಯಲ್ಲಿ ಕಣ್ಣಿಗೆ ಹಾನಿ ಇಲ್ಲದ ದರ್ಜೆ ಅದು. ಆ ಮುದ್ರೆ ಇಲ್ಲದ ಅಗ್ಗದ ಮಾಲನ್ನು ಮುಟ್ಟಬೇಡಿ. ಮುದ್ರೆ ಇದ್ದರೂ ಮಕ್ಕಳ ಮುಖಕ್ಕೆ ಹಿಡಿದು ಆಟವಾಡುವುದು ಬೇಡ.

ನಮ್ಮಲ್ಲಿ ಆಟಗಾರನ ಚೀಲ ಹೊರುವ ಸಹಾಯಕ, ಕ್ಯಾಡಿ, ಇರುತ್ತಾನೆ. ಅವನೇ ದೂರ ಹೇಳುವಾಗ ಇದಕ್ಕೇಕೆ ದುಡ್ಡು ಸುರಿಯಬೇಕು?

ನಾನೂ ಹೀಗೇ ವಾದಿಸುತ್ತಿದ್ದೆ. 1876ರಿಂದ ಗಾಲ್ಫ್ ನಡೆಯುತ್ತಿರುವ ಊರು ಇದು. ಇಲ್ಲಿನ ಹಳೆಯ ಕ್ಯಾಡಿಗಳು ಹುಲ್ಲಿನ ಬಣ್ಣ ನೋಡಿಯೇ ‘ಸರ್, 7 ಐರನ್, ಸ್ವಲ್ಪ ಎಡಕ್ಕೆ’ ಎನ್ನಬಲ್ಲರು (7 ಐರನ್ ಎಂದರೆ ಮಧ್ಯಮ ದೂರಕ್ಕೆ ಹೊಡೆಯುವ ಗಾಲ್ಫ್ ಕೋಲು). ದೂರದ ಜೊತೆಗೆ ನಿಮ್ಮ ತೋಳಿನ ತಾಕತ್ತು, ಇವತ್ತಿನ ಗಾಳಿ, ಹಿಂದಿನ ಹೋಲ್‌ನಲ್ಲಿ ಕೆಟ್ಟುಹೋದ ನಿಮ್ಮ ಮನಸ್ಸು ಎಲ್ಲವನ್ನೂ ಸೇರಿಸಿಯೇ ಅವರು ಆ ಉತ್ತರ ಕೊಡುತ್ತಾರೆ. ಯಂತ್ರಕ್ಕೆ ಅದು ಬರುವುದಿಲ್ಲ.

ಆದರೂ ಕೊಂಡೆ. ಹೊಸ ಮೈದಾನಕ್ಕೆ ಹೋದಾಗ, ಕ್ಯಾಡಿ ಹೊಸ ಹುಡುಗನಾಗಿದ್ದಾಗ, ಒಬ್ಬನೇ ಅಭ್ಯಾಸ ಮಾಡುವಾಗ ಇದು ಬೇಕಾಗುತ್ತದೆ. ಅಭ್ಯಾಸದಲ್ಲಂತೂ ಇದರ ಲಾಭ ದೊಡ್ಡದು. ನನ್ನ 7 ಐರನ್ ಹೊಡೆತ 150 ಗಜ ಹೋಗುತ್ತದೆ ಎಂದು ಹತ್ತು ವರ್ಷ ನಂಬಿಕೊಂಡಿದ್ದೆ. ಅಳೆದು ನೋಡಿದರೆ 138. ಕ್ಯಾಡಿಗೆ ಅದು ಮೊದಲೇ ಗೊತ್ತಿತ್ತು, ಮರ್ಯಾದೆಗೆ ಹೇಳಿರಲಿಲ್ಲ.

ಜಿಪಿಎಸ್ ವಾಚ್ ಇದೆ. ಅದು ಸಾಲದೆ?

ಹಲವರಿಗೆ ಸಾಕು. ವಾಚ್ ಗ್ರೀನಿನ (ಬಾವುಟ ನೆಟ್ಟ ನುಣುಪು ಹುಲ್ಲಿನ ಜಾಗದ) ಮುಂಭಾಗ, ನಡುಭಾಗ, ಹಿಂಭಾಗಗಳ ದೂರ ಕೊಡುತ್ತದೆ, ಗುಡ್ಡದ ಹಿಂದೆ ಅಡಗಿದ ಗ್ರೀನನ್ನೂ ಬಲ್ಲದು. ಲೇಸರ್‌ಗೆ ಎದುರು ಕಾಣದಿದ್ದರೆ ಏನೂ ಗೊತ್ತಿಲ್ಲ. ಆದರೆ ಇವತ್ತು ಬಾವುಟ ಗ್ರೀನಿನ ಯಾವ ಮೂಲೆಯಲ್ಲಿದೆ, ಬಂಕರಿನ (ಮರಳುಗುಂಡಿಯ) ಅಂಚು ಎಷ್ಟು ದೂರ, ಮುಂದಿನ ಗುಂಪಿನವರು ನನ್ನ ಹೊಡೆತದಿಂದ ಪಾರಾಗಿದ್ದಾರೆಯೇ, ಇವಕ್ಕೆ ಲೇಸರ್ ಬೇಕು. ಕೊನೆಯದು ಬಹಳ ಮುಖ್ಯ.

ಕೊಡಗಿನಲ್ಲಿ ನಮ್ಮ ತೋಟಕ್ಕೆ ಕಾಡುಹಂದಿ ಕಾಟ. ಮನೆಯಲ್ಲಿ ಕೋವಿಯೂ ಇದೆ. ಒಂದು ರೇಂಜ್‌ಫೈಂಡರ್ ತೆಗೆದುಕೊಳ್ಳಲೇ?

ಬೇಡ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಬೇಟೆ ಅಪರಾಧ, ಬೇಟೆಯ ಪ್ರಯತ್ನವೂ ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು ಉಳ್ಳವರಿಗೂ) ಇರುವ ವಿನಾಯಿತಿ ಕೋವಿಯ ಪರವಾನಗಿಗೆ ಸಂಬಂಧಿಸಿದ್ದು. ಅದರಿಂದ ಪ್ರಾಣಿ ಹೊಡೆಯುವ ಹಕ್ಕು ಬರುವುದಿಲ್ಲ. ಬೆಳೆ ಹಾಳು ಮಾಡುವ ಪ್ರಾಣಿಯ ವಿಷಯದಲ್ಲೂ ಅರಣ್ಯ ಇಲಾಖೆಯ ಲಿಖಿತ ಆದೇಶವಿಲ್ಲದೆ ಕೈ ಹಾಕುವಂತಿಲ್ಲ. ಇಲ್ಲಿ ಬೇಟೆಯ ಬಗ್ಗೆ ಬರೆದಿರುವುದೆಲ್ಲ ಪರವಾನಗಿ ಪಡೆದು ಬೇಟೆಯಾಡಬಹುದಾದ ಅಮೆರಿಕದಂಥ ದೇಶಗಳಲ್ಲಿರುವವರಿಗೆ.

## ಕೊಳ್ಳುವ ಮುನ್ನ

ಡಬ್ಬಿಯ ಮೇಲೆ 1000 ಗಜ ಎಂದಿದೆ. ಮರದ ಕಡೆ ಹಿಡಿದರೆ 600ಕ್ಕೇ ಕೈಕೊಟ್ಟಿತು. ಮೋಸವೆ?

ಮೋಸ ಎನ್ನಲಾಗದು, ಜಾಣತನ ಎನ್ನಬಹುದು. ಡಬ್ಬಿಯ ಮೇಲಿನ ದೊಡ್ಡ ಅಂಕಿ ಪ್ರತಿಫಲಕಕ್ಕೆ, ಅಂದರೆ ರಸ್ತೆ ಫಲಕದಂತೆ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುವ ವಸ್ತುವಿಗೆ ಸಂಬಂಧಿಸಿದ್ದು. ಮರಕ್ಕೆ ಅದಕ್ಕಿಂತ ಕಡಿಮೆ. ಜಿಂಕೆಯ ಮೈ ಬೆಳಕನ್ನು ಕುಡಿದುಬಿಡುತ್ತದೆ, ಅದಕ್ಕೆ ಇನ್ನೂ ಕಡಿಮೆ. ಅರ್ಧಕ್ಕಿಂತ ಕೆಳಗೆ ಇಳಿಯುವುದು ಮಾಮೂಲು. ವಿವರಪಟ್ಟಿಯಲ್ಲಿ ಪ್ರತಿಫಲಕ, ಮರ, ಜಿಂಕೆ ಎಂದು ಮೂರು ಸಾಲುಗಳನ್ನು ಬೇರೆಬೇರೆಯಾಗಿ ಕೊಟ್ಟಿದ್ದರೆ ಆ ಕಂಪನಿಯನ್ನು ನಂಬಬಹುದು. ಬೇಟೆಗಾರ ನೋಡಬೇಕಾದದ್ದು ಮೂರನೆಯ ಸಾಲು. ಗಾಲ್ಫ್ ಆಡುವವನು ಬಾವುಟಕ್ಕೆ ಎಷ್ಟು ಎಂದು ಕೇಳಬೇಕು. ಅದು 250 ಗಜ ದಾಟಿದರೆ ನನ್ನಂಥವನಿಗೆ ಜನ್ಮಕ್ಕಾಯಿತು.

6 ಗುಣಿಸು 21, 7 ಗುಣಿಸು 25 ಎಂದೆಲ್ಲ ಬರೆದಿರುತ್ತಾರೆ. ಹೆಚ್ಚಿದ್ದಷ್ಟೂ ಒಳ್ಳೆಯದೆ?

ಮೊದಲ ಅಂಕಿ ವಸ್ತು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: ಮೊದಲನೆಯದಕ್ಕೆ 3.5 ಮಿ.ಮೀ., ಎರಡನೆಯದಕ್ಕೂ ಹೆಚ್ಚುಕಡಿಮೆ ಅಷ್ಟೇ. ಹಗಲಿನ ಗಾಲ್ಫ್‌ಗೆ ಇದು ಧಾರಾಳ. ಕತ್ತಲಲ್ಲಿ ಕಣ್ಣಿನ ಪಾಪೆ 5ರಿಂದ 7 ಮಿ.ಮೀ. ಅಗಲವಾಗುವುದರಿಂದ, ನಸುಕಿನಲ್ಲಿ ಕೂರುವ ಬೇಟೆಗಾರನಿಗೆ ಚಿತ್ರ ಮಂಕಾಗಿ ಕಾಣುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯೇ ಬೇಟೆಯ ಸಮಯ ಆರಂಭವಾಗುವುದರಿಂದ ಇದು ಸಣ್ಣ ಮಾತಲ್ಲ. ಅಂಥವರು ದೊಡ್ಡ ಗಾಜಿನ, ಕೆಂಪು ಅಂಕಿ ಬೆಳಗುವ ಯಂತ್ರ ಕೊಳ್ಳಲಿ. ಕಪ್ಪು ಅಂಕಿಯ ಪರದೆ ಮಬ್ಬುಗತ್ತಲಲ್ಲಿ ಕರಿಮರದ ಮೇಲೆ ಓದಲಾಗದು.

ಚಿತ್ರ ಮಸುಕು ಎಂದು ದೂರುವವರಲ್ಲಿ ಅನೇಕರು ಕಣ್ಣಿಡುವ ಕಡೆ ಇರುವ ತಿರುಗುಂಗುರವನ್ನು ಒಮ್ಮೆಯೂ ತಿರುಗಿಸಿರುವುದಿಲ್ಲ. ಅದನ್ನು ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು ನೋಡಿದರೆ ಕೆಲವು ಪರದೆಗಳು ಪೂರಾ ಕಪ್ಪಾಗಿ ಕಾಣುತ್ತವೆ ಎಂಬುದೂ ನೆನಪಿರಲಿ.

ಗಾಲ್ಫ್‌ಗೆ ಒಂದು, ಬೇಟೆಗೆ ಇನ್ನೊಂದು ಏಕೆ? ದೂರ ದೂರವೇ ತಾನೆ?

ಷಡ್ಡಕರು ನನ್ನ ಗಾಲ್ಫ್ ಯಂತ್ರವನ್ನು ಒಂದು ವರ್ಷ ಬೇಟೆಗೆ ಒಯ್ದು ನೋಡಿದರು. ಹುಲ್ಲು ಆಳೆತ್ತರ ಬೆಳೆದಿತ್ತು, ಅದರಾಚೆ ಜಿಂಕೆ. ಗುಂಡಿ ಒತ್ತಿದಾಗಲೆಲ್ಲ ಯಂತ್ರ 17 ಗಜ ಎನ್ನುತ್ತಿತ್ತು. ಅದು ಹುಲ್ಲಿನ ದೂರ.

ಯಂತ್ರದ ತಪ್ಪಲ್ಲ. ಒಂದೇ ಕಿರಣ ಹಲವು ವಸ್ತುಗಳಿಗೆ ಬಡಿದು ಹಲವು ಉತ್ತರ ತಂದಾಗ ಯಾವುದನ್ನು ತೋರಿಸಬೇಕೆಂದು ಅದು ಆರಿಸಲೇಬೇಕು. ಗಾಲ್ಫ್‌ನಲ್ಲಿ ತೆಳ್ಳನೆಯ ಬಾವುಟದ ಕೋಲು ಮುಂದೆ, ಮರಗಳ ಸಾಲು ಹಿಂದೆ. ಆದ್ದರಿಂದ ಗಾಲ್ಫ್ ಯಂತ್ರ ಅತಿ ಹತ್ತಿರದ ಉತ್ತರವನ್ನು ಆರಿಸಿಕೊಳ್ಳುತ್ತದೆ. ಬೇಟೆಯಲ್ಲಿ ಇದು ತಿರುಗುಮುರುಗು: ಹುಲ್ಲು, ರೆಂಬೆಗಳು ಮುಂದೆ, ಪ್ರಾಣಿ ಹಿಂದೆ. ಆ ಯಂತ್ರ ಅತಿ ದೂರದ ಉತ್ತರವನ್ನು ಆರಿಸುತ್ತದೆ. ಎರಡೂ ಕ್ರಮಗಳನ್ನು ಬದಲಾಯಿಸಿಕೊಳ್ಳಬಹುದಾದ ಮಾದರಿಗಳಿವೆ. ಆದರೆ ಚಳಿಯಲ್ಲಿ, ಕೈಗವಸು ಹಾಕಿಕೊಂಡು, ಜಿಂಕೆ ಕಿವಿ ನಿಮಿರಿಸಿ ನಿಂತಿರುವಾಗ ಯಾರು ಮೆನು ಹುಡುಕುತ್ತಾರೆ? ಎರಡಕ್ಕೂ ಒಂದೇ ಸಾಕು ಎನ್ನುವವರು ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬೇಟೆಗೆ ಹೋಗುವವರಾಗಿದ್ದರೆ ಸರಿ.

ಬಳಸಿದ ಯಂತ್ರ ಕಡಿಮೆ ಬೆಲೆಗೆ ಸಿಗುತ್ತಿದೆ. ಹೇಗೆ ಪರೀಕ್ಷಿಸಲಿ?

ಟೇಪು ಹಿಡಿದು 50 ಮೀಟರ್ ಅಳೆದು, ಅಲ್ಲಿನ ಗೋಡೆಗೆ ಹತ್ತು ಬಾರಿ ಗುರಿಯಿಡಿ. ಹತ್ತರಲ್ಲಿ ಒಂಬತ್ತು ಬಾರಿ ಒಂದು ಮೀಟರಿನೊಳಗೆ ಬಂದರೆ ಸಾಕು. ಬ್ಯಾಟರಿ ಮುಚ್ಚಳ ತೆಗೆದು ಹಸಿರು ಕಿಲುಬು ಇದೆಯೇ ನೋಡಿ. ಗಾಜಿನ ಒಳಗೆ ಬೂಷ್ಟು ಕಂಡರೆ ಅಲ್ಲಿಂದ ಎದ್ದುಬಿಡಿ. ನಮ್ಮ ಮಳೆಗಾಲದಲ್ಲಿ ಅದು ಹರಡುತ್ತದೆಯೇ ಹೊರತು ಹೋಗುವುದಿಲ್ಲ.

## ಬಳಸುವಾಗ

ಅದೇ ಜಾಗದಿಂದ ಅದೇ ಬಾವುಟ. ಒಮ್ಮೆ 148 ತೋರಿಸುತ್ತದೆ, ಇನ್ನೊಮ್ಮೆ 171. ಕೆಟ್ಟಿದೆಯೆ?

ಕೆಟ್ಟಿಲ್ಲ. 148 ಬಾವುಟ, 171 ಅದರ ಹಿಂದಿನ ಮರ.

ನಿಮ್ಮ ಕಿರಣ ಸೂಜಿಯಂತೆ ಹೋಗುವುದಿಲ್ಲ, ಹೋಗುತ್ತಾ ಹರಡುತ್ತದೆ. 3 ಮಿಲಿರೇಡಿಯನ್ (ಕೋನದ ಒಂದು ಅಳತೆ) ಹರಡುವ ಕಿರಣ 150 ಮೀಟರಿನಲ್ಲಿ 45 ಸೆಂ.ಮೀ. ಅಗಲವಾಗಿರುತ್ತದೆ, ಬಾವುಟದ ಕೋಲಾದರೋ ಹೆಬ್ಬೆರಳಿನಷ್ಟು ದಪ್ಪ. ಅಂದರೆ ಬೆಳಕಿನ ಬಹುಪಾಲು ಕೋಲಿನ ಪಕ್ಕದಿಂದ ಹಿಂದಕ್ಕೆ ನುಗ್ಗುತ್ತದೆ. ಗಾಳಿಗೆ ಬಟ್ಟೆ ಬಿಚ್ಚಿಕೊಂಡಿದ್ದಾಗ ಸುಲಭ, ಕೋಲಿಗೆ ಸುತ್ತಿಕೊಂಡಿದ್ದಾಗ ಕಷ್ಟ.

ನಾನು ಮಾಡುವುದು ಹೀಗೆ. ಗುಂಡಿ ಒತ್ತಿಹಿಡಿದು ಬಾವುಟದ ಎಡಗಡೆಯಿಂದ ಬಲಗಡೆಗೆ ನಿಧಾನವಾಗಿ ಹಾಯಿಸುತ್ತೇನೆ. ಅಂಕಿ 171, 172, 171 ಎಂದು ಓಡುತ್ತಿರುತ್ತದೆ. ಕೋಲನ್ನು ದಾಟುವ ಗಳಿಗೆಯಲ್ಲಿ ದಿಢೀರನೆ 148ಕ್ಕೆ ಬೀಳುತ್ತದೆ. ಆ ಬೀಳುವಿಕೆಯೇ ಬಾವುಟ. ಆಮೇಲೆ ಗ್ರೀನಿನ ಮುಂದಿನ ಬಂಕರಿನ ಅಂಚಿಗೂ ಒಂದು ಬಾರಿ ಅಳೆಯುತ್ತೇನೆ. ಅದು 135 ಬಂದರೆ 148 ನಂಬಲರ್ಹ. 160 ಬಂದರೆ ಎಲ್ಲೋ ಎಡವಟ್ಟಾಗಿದೆ. ಕೆಲವು ಯಂತ್ರಗಳು ಬಾವುಟ ಸಿಕ್ಕಿತೆಂದು ಕೈಯಲ್ಲಿ ನಡುಗಿ ತಿಳಿಸುತ್ತವೆ. ಅವು ಒಮ್ಮೊಮ್ಮೆ ಮರಕ್ಕೂ ನಡುಗುತ್ತವೆ.

ಕೆಲವು ಮೈದಾನಗಳಲ್ಲಿ ಕೋಲಿನ ತುದಿಗೆ ಪುಟ್ಟ ಪ್ರಿಸಮ್ ಕೂರಿಸಿರುತ್ತಾರೆ. ಬೆಳಕು ಯಾವ ದಿಕ್ಕಿನಿಂದ ಬಂದರೂ ಬಂದ ದಾರಿಯಲ್ಲೇ ಅದನ್ನು ಹಿಂದಿರುಗಿಸುವ ಮೂಲೆಗನ್ನಡಿ ಅದು. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಗಳ ತತ್ತ್ವವೂ ಇದೇ. ಅಂಥ ಕೋಲು ಸಿಕ್ಕರೆ ಈ ಸರ್ಕಸ್ ಯಾವುದೂ ಬೇಡ.

ವಯಸ್ಸಾಯಿತು, ಕೈ ನಡುಗುತ್ತದೆ. ಗುರಿ ನಿಲ್ಲುವುದಿಲ್ಲ.

ಎರಡೂ ಕೈಯಲ್ಲಿ ಹಿಡಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, ಅರ್ಧ ಉಸಿರು ಬಿಟ್ಟು ತಡೆಯಿರಿ. ನೆಟ್ಟಗೆ ನಿಲ್ಲಿಸಿದ ಗಾಲ್ಫ್ ಕೋಲಿನ ತುದಿಗೆ ಕೈ ಆನಿಸಿದರೆ ಇನ್ನೂ ಉತ್ತಮ. ಚಿತ್ರವನ್ನು ಸ್ಥಿರಗೊಳಿಸುವ ಯಂತ್ರಗಳೂ ಇವೆ, ಬೆಲೆ ಮಾತ್ರ ಕೈ ನಡುಗಿಸುತ್ತದೆ.

ಗಜದಲ್ಲಿಡಲೋ, ಮೀಟರಿನಲ್ಲಿಡಲೋ?

ನಿಮ್ಮ ಮೈದಾನದ ಫಲಕಗಳು ಯಾವುದರಲ್ಲಿವೆಯೋ ಅದರಲ್ಲಿ. ಒಂದು ಗಜ 0.9144 ಮೀಟರ್. 150 ಮೀಟರ್ ಎಂದರೆ 164 ಗಜ, ಸುಮಾರು ಒಂದೂವರೆ ಕ್ಲಬ್ಬಿನ (ಗಾಲ್ಫ್ ಕೋಲಿನ) ವ್ಯತ್ಯಾಸ. ನನ್ನ ಮೊಮ್ಮಗ ಒಮ್ಮೆ ಗುಂಡಿ ಒತ್ತಿ ಆಡಿದ್ದು ತಿಳಿಯದೆ ಒಂಬತ್ತು ಹೋಲ್ ಪೂರ್ತಿ ಗ್ರೀನಿನ ಈಚೆಗೇ ಚೆಂಡು ಬೀಳಿಸಿದೆ. ಅಂಕಿಯ ಪಕ್ಕದ ಪುಟ್ಟ ಅಕ್ಷರವನ್ನು ಮೊದಲ ಟೀಯಲ್ಲೇ, ಅಂದರೆ ಆಟ ಆರಂಭಿಸುವ ಜಾಗದಲ್ಲೇ, ನೋಡಿಬಿಡಿ.

ಬ್ಯಾಟರಿ ಎಲ್ಲ ಕಡೆ ಸಿಗುತ್ತದೆಯೆ?

ಹೆಚ್ಚಿನವು ಬಳಸುವುದು ಸಿಆರ್2 ಎಂಬ 3 ವೋಲ್ಟಿನ, ಗಿಡ್ಡ ಉರುಳೆಯಂಥ ಬ್ಯಾಟರಿ. ಬಡಾವಣೆಯ ಅಂಗಡಿಯಲ್ಲಿ ಕೇಳಿದರೆ ನಾಣ್ಯದಂತೆ ಚಪ್ಪಟೆಯಾದ ಸಿಆರ್2032 ಕೊಡುತ್ತಾರೆ, ಅದು ಬೇರೆಯೇ ಜಾತಿ. ಕ್ಯಾಮೆರಾ ಅಂಗಡಿಯಲ್ಲಿ ವಿಚಾರಿಸಿ, ಒಂದನ್ನು ಸದಾ ಚೀಲದಲ್ಲಿಡಿ. ವಿಮಾನದಲ್ಲಿ ಹೋಗುವಾಗ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಈಚೆಗೆ ಚಾರ್ಜ್ ಮಾಡುವ ಮಾದರಿಗಳೂ ಬಂದಿವೆ, ಹಿಂದಿನ ರಾತ್ರಿ ನೆನಪಾಗುವವರಿಗೆ ಅವು ಒಳ್ಳೆಯವು.

ಡಿಸೆಂಬರ್ ಬೆಳಗಿನ ಮಂಜಿನಲ್ಲಿ 9 ಗಜ, 12 ಗಜ ಎನ್ನುತ್ತದೆ. ಏನು ಮಾಡಲಿ?

ಅದು ಮಂಜಿನ ಹನಿಗಳನ್ನೇ ಅಳೆಯುತ್ತಿದೆ. ದೂರದ ಉತ್ತರ ಆರಿಸುವ ಕ್ರಮ ಇದ್ದರೆ ಅದಕ್ಕೆ ಬದಲಾಯಿಸಿ. ಇಲ್ಲದಿದ್ದರೆ ಫೇರ್‌ವೇಯ (ಗ್ರೀನಿಗೆ ಹೋಗುವ ಕತ್ತರಿಸಿದ ಹುಲ್ಲಿನ ಹಾದಿಯ) 150 ಗಜದ ಗುರುತೇ ಗತಿ. ಮಳೆಗೆ ತಡೆಯುತ್ತದೆ ಎಂದು ಬರೆದಿದ್ದರೂ ನೆನೆದ ಯಂತ್ರವನ್ನು ಚೀಲದಲ್ಲಿ ಮುಚ್ಚಿಡಬೇಡಿ. ನನ್ನ ಮೊದಲನೆಯದು ಸತ್ತದ್ದು ಮಳೆಯಲ್ಲಿ ನೆಂದದ್ದಕ್ಕಿಂತ ಆಮೇಲೆ ಒಂದು ವಾರ ಒದ್ದೆ ಚೀಲದಲ್ಲಿ ಕೊಳೆತದ್ದರಿಂದ.

## ಇನ್ನಷ್ಟು ಒಳಕ್ಕೆ

ಸ್ಲೋಪ್ (ಏರುತಗ್ಗು ಲೆಕ್ಕ ಹಾಕುವ ಸೌಲಭ್ಯ) ಇರುವ ಯಂತ್ರ ತಂದರೆ ಸ್ಪರ್ಧೆಯಿಂದ ಹೊರಗೆ ಹಾಕುತ್ತಾರಂತೆ, ನಿಜವೆ?

ತಂದದ್ದಕ್ಕೆ ಹಾಕುವುದಿಲ್ಲ, ಬಳಸಿದರೆ ಶಿಕ್ಷೆ ಉಂಟು. 2019ರಲ್ಲಿ ಬಂದ ನಿಯಮಾವಳಿಯ 4.3ನೇ ನಿಯಮದಂತೆ ದೂರ ಅಳೆಯುವುದು ಸಹಜವಾಗಿ ಒಪ್ಪಿತ. ಸ್ಪರ್ಧಾ ಸಮಿತಿ ಬೇಡವೆಂದರೆ ಸ್ಥಳೀಯ ನಿಯಮ ಮಾಡಿ ನಿಷೇಧಿಸಬಹುದು. ಏರುತಗ್ಗು ಅಳೆಯುವುದು, ಯಾವ ಕ್ಲಬ್ ಹೊಡೆಯಬೇಕೆಂದು ಯಂತ್ರದಿಂದ ಕೇಳುವುದು ನಿಷಿದ್ಧ. ಮೊದಲ ತಪ್ಪಿಗೆ, ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಆಟದಲ್ಲಿ 2 ಹೊಡೆತದ ದಂಡ, ಒಂದೊಂದೇ ಹೋಲ್ ಗೆಲ್ಲುವ ಮ್ಯಾಚ್ ಆಟದಲ್ಲಿ ಆ ಹೋಲ್ ಹೋಯಿತು. ಎರಡನೆಯ ತಪ್ಪಿಗೆ ಅನರ್ಹತೆ. ಸ್ಲೋಪ್ ಆಫ್ ಮಾಡಿದ್ದೇನೆಂದು ಹೊರಗಿನಿಂದಲೇ ಕಾಣುವಂಥ ಗುಂಡಿ ಇರುವ ಯಂತ್ರ ಕೊಂಡರೆ ಜೊತೆಯಾಟಗಾರರ ಸಂಶಯದ ನೋಟ ತಪ್ಪುತ್ತದೆ.

ಏರಿನಲ್ಲಿ ಗಾಲ್ಫ್ ಯಂತ್ರ ದೂರ ಹೆಚ್ಚಿಸಿ ಹೇಳುತ್ತದೆ, ಬೇಟೆಯ ಯಂತ್ರ ಕಡಿಮೆ ಮಾಡಿ ಹೇಳುತ್ತದೆ. ಯಾವುದು ಸುಳ್ಳು?

ಎರಡೂ ನಿಜ. ನನಗೆ ಅತಿ ಇಷ್ಟವಾದ ಪ್ರಶ್ನೆ ಇದು.

ಗಾಲ್ಫ್ ಚೆಂಡು ಮೇಲೇರಿ, ಕಡಿದಾಗಿ ಇಳಿಯುತ್ತದೆ. ಗ್ರೀನ್ 10 ಗಜ ಎತ್ತರದಲ್ಲಿದ್ದರೆ ಚೆಂಡು ಇಳಿಯುವ ಹಾದಿಯನ್ನು ಅದು ಮೊದಲೇ ಅಡ್ಡಗಟ್ಟುತ್ತದೆ. 45 ಡಿಗ್ರಿಯಲ್ಲಿ ಇಳಿಯುವ ಚೆಂಡಾದರೆ 10 ಗಜ ಎತ್ತರಕ್ಕೆ ಸರಿಯಾಗಿ 10 ಗಜ ಹೆಚ್ಚು ಹೊಡೆಯಬೇಕು. ಡ್ರೈವರ್ ಎಂಬ ಅತಿ ದೂರ ಹೊಡೆಯುವ ಕೋಲಿನ ಚೆಂಡು ಚಪ್ಪಟೆಯಾಗಿ, ಸುಮಾರು 38 ಡಿಗ್ರಿಯಲ್ಲಿ ಇಳಿದರೆ ಅದೇ ಎತ್ತರಕ್ಕೆ ಹೆಚ್ಚುಕಡಿಮೆ 13 ಗಜ. ತಗ್ಗಿನಲ್ಲಿದ್ದರೆ ಇದೇ ಲೆಕ್ಕ ಉಲ್ಟಾ.

ಗುಂಡು, ಬಾಣಗಳ ಕಥೆ ಬೇರೆ. ಅವು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ಎಷ್ಟು ಕೆಳಗೆ ಬೀಳುತ್ತವೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ನೆಲಮಟ್ಟದ ಅಡ್ಡ ದೂರ. ಆದ್ದರಿಂದ ಗುರಿ ಮೇಲಿದ್ದರೂ ಕೆಳಗಿದ್ದರೂ ಕಣ್ಣಿನಿಂದ ಗುರಿಗೆ ನೇರವಾಗಿ ಅಳೆದ ದೂರಕ್ಕಿಂತ ಕಡಿಮೆ ದೂರಕ್ಕೆ ಗುರಿಯಿಡಬೇಕು. 30 ಡಿಗ್ರಿ ಇಳಿಜಾರಿನಲ್ಲಿ 300 ಗಜ ಎಂದು ಕಂಡದ್ದು ಲೆಕ್ಕಕ್ಕೆ 260 ಗಜ. ಹೊಸಬರು ಇದನ್ನು ಕೇಳಿ ಬೆದರಿ, ಅಟ್ಟಣೆಯಿಂದ ಬಾಣ ಬಿಡಲು ದುಬಾರಿ ಯಂತ್ರ ಹುಡುಕುತ್ತಾರೆ. 20 ಅಡಿ ಎತ್ತರದ ಅಟ್ಟಣೆಯಿಂದ 20 ಗಜ ದೂರದ ಜಿಂಕೆಗೆ ಬರುವ ವ್ಯತ್ಯಾಸ ಬರೀ ಒಂದು ಗಜ. ಬೆಟ್ಟದ ಬೇಟೆಗೆ ಕೋನದ ಲೆಕ್ಕ ಬೇಕು, ಅಟ್ಟಣೆಗೆ ಅಷ್ಟೇನೂ ಬೇಡ.

ನಾಲ್ಕಾರು ಗಜ ಆಚೀಚೆಯಾದರೆ ಏನು ಮಹಾ?

ಗಾಲ್ಫ್‌ನಲ್ಲಿ ಏನೂ ಇಲ್ಲ. ನಮ್ಮ ಹೊಡೆತಗಳೇ ಹತ್ತು ಗಜ ಆಚೀಚೆ. ಬಂದೂಕಿಗೂ ಹತ್ತಿರದ ದೂರದಲ್ಲಿ ನಡೆಯುತ್ತದೆ. ಬಿಲ್ಲಿಗೆ ನಡೆಯುವುದಿಲ್ಲ. ಸೆಕೆಂಡಿಗೆ 280 ಅಡಿ ಹೋಗುವ ಬಾಣವನ್ನು 30 ಗಜಕ್ಕೆ ಹೊಂದಿಸಿ, ಜಿಂಕೆ 35ರಲ್ಲಿದ್ದರೆ ಬಾಣ ಸುಮಾರು 4 ಅಂಗುಲ ಕೆಳಗೆ ಬೀಳುತ್ತದೆ; 40ರಲ್ಲಿದ್ದರೆ ಸುಮಾರು 9 ಅಂಗುಲ. ಜಿಂಕೆಯ ಹೃದಯ, ಶ್ವಾಸಕೋಶಗಳ ಜಾಗವೇ 8–10 ಅಂಗುಲ. ಗಾಯಗೊಂಡು ಕಾಡಿಗೆ ನುಗ್ಗಿದ ಪ್ರಾಣಿಯನ್ನು ರಾತ್ರಿಯೆಲ್ಲ ಹುಡುಕಿದ ಕಥೆಯನ್ನು ಷಡ್ಡಕರು ಒಮ್ಮೆ ಹೇಳಿದ್ದರು, ಎರಡನೆಯ ಬಾರಿ ಹೇಳಲಿಲ್ಲ. ಈಗ ಅವರು ಅಟ್ಟಣೆ ಏರಿದ ಕೂಡಲೇ ಸುತ್ತಲಿನ ಒಂದು ಬಂಡೆ, ಒಂದು ಬರ್ಚ್ ಮರ, ಬೇಲಿಯ ಕಂಬ ಎಲ್ಲವನ್ನೂ ಅಳೆದು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಪ್ರಾಣಿ ಬಂದಾಗ ಯಂತ್ರ ಎತ್ತುವ ಅಗತ್ಯವೇ ಇಲ್ಲ. ಬಿಲ್ಲಿಗೇ ಜೋಡಿಸುವ ರೇಂಜ್‌ಫೈಂಡರ್ ಕೊಳ್ಳುವವರು ತಮ್ಮ ರಾಜ್ಯದ ಆ ವರ್ಷದ ನಿಯಮಪುಸ್ತಕ ಓದಿಯೇ ಕೊಳ್ಳಲಿ. ಬಿಲ್ಲಿನ ಮೇಲೆ ವಿದ್ಯುನ್ಮಾನ ಸಾಧನ ಒಪ್ಪದ ರಾಜ್ಯಗಳಿವೆ.

ಊಟಿಯಲ್ಲಿ ಆಡಿದಾಗ ಯಂತ್ರ ಹೇಳಿದ ದೂರಕ್ಕೆ ಹೊಡೆದರೂ ಚೆಂಡು ಗ್ರೀನ್ ದಾಟಿ ಹೋಯಿತು. ಏಕೆ?

ದೂರ ಸರಿಯಾಗಿಯೇ ಇತ್ತು, ಗಾಳಿ ತೆಳುವಾಗಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಊಟಿ 2,200 ಮೀಟರಿಗೂ ಮೇಲೆ. ಮಂಗಳೂರಿನ ಕಡಲತೀರಕ್ಕೆ ಹೋಲಿಸಿದರೆ ಚೆಂಡು ಬೆಂಗಳೂರಿನಲ್ಲಿ ಸುಮಾರು 3 ಪ್ರತಿಶತ, ಊಟಿಯಲ್ಲಿ ಸುಮಾರು 8 ಪ್ರತಿಶತ ಮುಂದೆ ಹೋಗುತ್ತದೆ. ಬೆಂಗಳೂರಿನ 150 ಗಜದ ಹೊಡೆತ ಅಲ್ಲಿ 157 ಆಗುತ್ತದೆ, ಚಳಿ ಅದರಲ್ಲಿ ಒಂದಿಷ್ಟು ಕಿತ್ತುಕೊಳ್ಳುತ್ತದೆ.

ನಾಗರಹೊಳೆಯಲ್ಲಿ ಪ್ರಾಣಿ ಎಣಿಸುವವರ ಕೈಯಲ್ಲಿ ಇದನ್ನು ನೋಡಿದೆ. ಅವರಿಗೇಕೆ?

ಅವರು ಕಾಡಿನಲ್ಲಿ ಗುರುತು ಹಾಕಿದ ನೇರ ಗೆರೆಯ ಮೇಲೆ ಸದ್ದಿಲ್ಲದೆ ನಡೆಯುತ್ತಾರೆ. ಜಿಂಕೆಯ ಹಿಂಡು ಕಂಡರೆ ನಿಂತು ಎರಡು ಅಳತೆ ತೆಗೆದುಕೊಳ್ಳುತ್ತಾರೆ: ರೇಂಜ್‌ಫೈಂಡರಿನಿಂದ ದೂರ, ದಿಕ್ಸೂಚಿಯಿಂದ ಕೋನ. ಎರಡರಿಂದ ಹಿಂಡು ಗೆರೆಯಿಂದ ಎಷ್ಟು ಪಕ್ಕಕ್ಕಿತ್ತು ಎಂದು ಲೆಕ್ಕ ಸಿಗುತ್ತದೆ. 60 ಮೀಟರ್ ದೂರ, 30 ಡಿಗ್ರಿ ಕೋನ ಎಂದರೆ ಗೆರೆಯಿಂದ 30 ಮೀಟರ್. ಪಕ್ಕಕ್ಕೆ ಸರಿದಷ್ಟೂ ಪ್ರಾಣಿಗಳು ಕಣ್ಣು ತಪ್ಪಿಸಿಕೊಳ್ಳುವುದು ಹೆಚ್ಚು. ಆ ತಪ್ಪಿಸಿಕೊಂಡವುಗಳ ಪ್ರಮಾಣವನ್ನು ಈ ಅಳತೆಗಳಿಂದಲೇ ಅಂದಾಜಿಸಿ ಕಾಡಿನ ಒಟ್ಟು ಸಾಂದ್ರತೆ ಕಂಡುಕೊಳ್ಳುತ್ತಾರೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಯ ಆಹಾರಪ್ರಾಣಿಗಳನ್ನು ಅಂದಾಜಿಸಿದ್ದು ಇದೇ ಗೆರೆನಡಿಗೆಯ ವಿಧಾನದಲ್ಲಿ.

ಇಂಥ ನಡಿಗೆಗೆ ಸ್ವಯಂಸೇವಕನಾಗಿ ಹೋಗುವ ಮನಸ್ಸಿದ್ದರೆ, ದೂರದ ಉತ್ತರ ಆರಿಸುವ ಕ್ರಮಕ್ಕೆ ಯಂತ್ರ ಬದಲಾಯಿಸಿ, ಅಳತೆಯನ್ನು ಮೀಟರಿಗೆ ಹೊಂದಿಸಿಕೊಂಡು ಹೋಗಿ. ಲಂಟಾನ ಪೊದೆಯ ಹಿಂದೆ ಜಿಂಕೆ ಸರಿಯಾಗಿ ಕಾಣದಿದ್ದರೆ ಅದರ ಪಕ್ಕದ ಮರದ ಬುಡಕ್ಕೆ ಗುರಿಯಿಟ್ಟು ಅಳೆಯಿರಿ.